ಗಾಜಿನ ನಡುವೆ 8 ಮಿಲಿಮೀಟರ್ ಮಣ್ಣು: ಎರೆಹುಳುವಿನ ದಾರಿ ನೋಡಲು ಕಟ್ಟಿದ ಪೆಟ್ಟಿಗೆಯ ದಾಖಲೆ

ಮಣ್ಣಿನೊಳಗೆ ಎರೆಹುಳು ಹೇಗೆ ಸಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕೆಂದು, ಎರಡು ಗಾಜಿನ ಹಾಳೆಗಳ ನಡುವೆ ಮಣ್ಣು ತುಂಬಿದ ಚಪ್ಪಟೆ ಪೆಟ್ಟಿಗೆಯೊಂದನ್ನು ಕಟ್ಟಲು ಹೊರಟಾಗ ಅದು ಒಂದು ಭಾನುವಾರದ ಕೆಲಸ ಎನಿಸಿತ್ತು. ಆಮೇಲೆ ಮೂರು ಪೆಟ್ಟಿಗೆಗಳು, ಎರಡು ಉದ್ದನೆಯ ತೊಟ್ಟಿಗಳು ಮತ್ತು ಆರು ತಿಂಗಳು ಬೇಕಾದವು. ಮೂರನೆಯ ಪೆಟ್ಟಿಗೆ ಈಗ ಸರಿಯಾಗಿ ಕೆಲಸ ಮಾಡುತ್ತಿದೆ. ತೊಟ್ಟಿಯ ಕೆಲಸ ಇನ್ನೂ ಅರ್ಧಕ್ಕೆ ನಿಂತಿದೆ. ಎಲ್ಲೆಲ್ಲಿ ಎಡವಿದೆ ಎಂಬುದನ್ನು ಅಳತೆಗಳ ಸಮೇತ ಬರೆದಿಡುತ್ತಿದ್ದೇನೆ, ಏಕೆಂದರೆ ಮೊದಲ ಎರಡು ತಿಂಗಳಲ್ಲಿ ಹುಳುಗಳ ಸ್ವಭಾವವೆಂದು ನಾನು ಟಿಪ್ಪಣಿ ಮಾಡಿಕೊಂಡಿದ್ದರಲ್ಲಿ ಹೆಚ್ಚಿನದು ನನ್ನ ಪೆಟ್ಟಿಗೆಯ ದೋಷವೇ ಆಗಿತ್ತು.

ಹಂತ 1: ಔದಾರ್ಯದ 15 ಮಿಲಿಮೀಟರ್

ಮೊದಲ ಪೆಟ್ಟಿಗೆಗೆ 60 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರ ಮತ್ತು 4 ಮಿಲಿಮೀಟರ್ ದಪ್ಪದ ಎರಡು ಗಾಜುಗಳನ್ನು ತಂದು, ಅಂಚುಗಳನ್ನು ನೀರು ಹಾಕಿ ಎಮರಿ ಕಾಗದದಿಂದ ಉಜ್ಜಿ ಹರಿತ ತೆಗೆದೆ. ಎರಡು ಬದಿಗೂ ತಳಕ್ಕೂ 15 ಮಿಲಿಮೀಟರ್ ದಪ್ಪದ ಮರದ ರೀಪುಗಳನ್ನು ಇಟ್ಟು, ಹೊರಗಿನಿಂದ ಎಂಟು ಕ್ಲಾಂಪ್‌ಗಳಲ್ಲಿ ಬಿಗಿದೆ. ಹುಳುವಿಗೆ ಓಡಾಡಲು ಜಾಗ ಧಾರಾಳವಾಗಿರಲಿ ಎಂದು 15 ಮಿಲಿಮೀಟರ್ ಆರಿಸಿದ್ದೆ. ಕೆಲಸ ಕೆಟ್ಟದ್ದು ಅಲ್ಲಿಯೇ. ಐದು ದಿನ ಕಾದರೂ ಗಾಜಿನ ಬಳಿ ಒಂದು ಬಿಲವೂ ಕಾಣಿಸಲಿಲ್ಲ, ಹುಳುಗಳು ಸತ್ತಿರಬೇಕೆಂದೇ ತಿಳಿದೆ. ಆರನೆಯ ದಿನ ಒಂದು ಗಾಜನ್ನು ಎತ್ತಿ, ಮಣ್ಣನ್ನು ಚಾಕುವಿನ ಬೆನ್ನಿನಿಂದ ಪದರಪದರವಾಗಿ ಕೆರೆದಾಗ ನಡುಭಾಗದಲ್ಲಿ ಐದಾರು ಬಿಲಗಳು ನೆಟ್ಟಗೆ ಸಿಕ್ಕವು. ಹುಳುವಿನ ದಪ್ಪ 4 ಮಿಲಿಮೀಟರ್. ಅದರ ಎರಡೂ ಬದಿಗೆ ಐದೈದು ಮಿಲಿಮೀಟರಿನ ಮಣ್ಣಿನ ಗೋಡೆ ಇತ್ತು. ನೋಡಲೆಂದು ಕಟ್ಟಿದ ಪೆಟ್ಟಿಗೆಯಲ್ಲಿ ಅವು ನೆಮ್ಮದಿಯಾಗಿ ಮರೆಯಲ್ಲಿದ್ದವು.

ಮರದ ರೀಪುಗಳು ತೇವ ಹೀರಿ ಊದಿಕೊಂಡಿದ್ದರಿಂದ ಒಂದು ಗಾಜಿನ ಮೂಲೆಯೂ ಸೀಳಿತು. ಹಾಗಾಗಿ ಮರವನ್ನು ಕೈಬಿಟ್ಟು, ಮುಂದಿನ ಎರಡು ಪೆಟ್ಟಿಗೆಗಳಿಗೂ 8 ಮಿಲಿಮೀಟರ್ ದಪ್ಪದ, ಒಂದು ಸೆಂಟಿಮೀಟರ್ ಅಗಲದ ಗಟ್ಟಿ ರಬ್ಬರ್ ಪಟ್ಟಿಯನ್ನು ಬಳಸಿದೆ. ಒಂದು ತುಣುಕು ಗಾಜಿನಲ್ಲಿ 5 ಮಿಲಿಮೀಟರ್ ಅಂತರವನ್ನೂ ಪರೀಕ್ಷಿಸಿದೆ. ಅಲ್ಲಿ ಹುಳು ದಪ್ಪಗಾಗಲು ಹೋದಾಗ ಎರಡು ಗಾಜುಗಳ ನಡುವೆ ಸಿಕ್ಕಿಕೊಂಡಂತೆ ಚಪ್ಪಟೆಯಾಗುತ್ತಿತ್ತು. ಆದ್ದರಿಂದ ಹುಳುವಿನ ದಪ್ಪದ ಎರಡರಷ್ಟು ಅಂತರವನ್ನೇ ಉಳಿಸಿಕೊಂಡೆ.

ಹಂತ 2: ತಪ್ಪು ಹುಳು

ಮೊದಲ ಸಲ ನಾನು ತಂದದ್ದು ಗೊಬ್ಬರದ ಗುಂಡಿಯ ಕೆಂಪು ಹುಳು, ಅಂದರೆ ಎರೆಗೊಬ್ಬರ ಮಾಡುವವರೆಲ್ಲ ಸಾಕುವ ಐಸೀನಿಯಾ ಫೆಟಿಡಾ. ಸುಲಭವಾಗಿ ಸಿಗುತ್ತದೆ ಎಂಬುದೊಂದೇ ಅದನ್ನು ಆರಿಸಿದ್ದಕ್ಕೆ ಕಾರಣ. ಮಣ್ಣಿನಲ್ಲಿ ಅದು ಬೇಸರದಿಂದ ಒಂದೆರಡು ದಾರಿ ಮಾಡಿ, ಮರುದಿನದಿಂದ ಮೇಲೆ ಹಾಕಿದ ಎಲೆಗಳ ಅಡಿಯಲ್ಲೇ ಗುಂಪುಗೂಡಿತು. ಫ್ರಾನ್ಸಿನ ಮಾರ್ಸೆಲ್ ಬೂಶೆ 1970ರ ದಶಕದಲ್ಲಿ ಎರೆಹುಳುಗಳನ್ನು ಮೂರು ಗುಂಪಾಗಿ ವಿಂಗಡಿಸಿದರು: ಕೊಳೆಯುವ ಎಲೆಗಳ ನಡುವೆ ಮೇಲ್ಮೈಯಲ್ಲೇ ಬದುಕುವವು, ಮಣ್ಣನ್ನೇ ತಿನ್ನುತ್ತ ಹೆಚ್ಚಾಗಿ ಅಡ್ಡಡ್ಡ ಬಿಲ ಮಾಡುವವು, ಮತ್ತು ನೇರ ಆಳಕ್ಕೆ ಶಾಶ್ವತ ಬಿಲ ಕೊರೆದು ಮೇಲಿನಿಂದ ಎಲೆ ಎಳೆದುಕೊಳ್ಳುವವು. ಇದನ್ನು ಓದಿ ಗೊತ್ತಿದ್ದವನೇ ಮೊದಲ ಗುಂಪಿನ ಹುಳುವನ್ನು ತಂದು ಎರಡನೆಯ ಗುಂಪಿನ ಕೆಲಸವನ್ನು ಅದರಿಂದ ನಿರೀಕ್ಷಿಸಿದೆ.

ಎರಡನೆಯ ಸಲ ಗುದ್ದಲಿಯಿಂದ 20 ಸೆಂಟಿಮೀಟರ್ ಆಳದ ಮಣ್ಣಿನ ಗಡ್ಡೆಯನ್ನು ಇಡಿಯಾಗಿ ಎತ್ತಿ, ಕೈಯಿಂದ ಒಡೆದು, ಬೂದು ಮಿಶ್ರಿತ ನಸುಗೆಂಪು ಬಣ್ಣದ ಹುಳುಗಳನ್ನು ಹುಡುಕಿದೆ. ಲೀಟರಿಗೆ ಸುಮಾರು 10 ಗ್ರಾಂ ಸಾಸಿವೆ ಪುಡಿ ಕಲಸಿದ ನೀರನ್ನು ನೆಲಕ್ಕೆ ಸುರಿದರೆ ಹುಳುಗಳು ಉರಿ ತಾಳಲಾರದೆ ತಾವಾಗಿ ಮೇಲೆ ಬರುತ್ತವೆ. ಎಣಿಕೆಗೆ ಅದು ಒಳ್ಳೆಯ ಉಪಾಯ. ಆದರೆ ಚರ್ಮದಿಂದಲೇ ಉಸಿರಾಡುವ ಪ್ರಾಣಿಯನ್ನು ಹಾಗೆ ಹೊರಡಿಸಿ, ಮರುಗಳಿಗೆಯಲ್ಲೇ ಅದರ ನಡಿಗೆಯನ್ನು ಅಳೆಯುವುದು ನನಗೆ ಸರಿ ಕಾಣಲಿಲ್ಲ. ದೇಹದ ಮುಂಭಾಗದಲ್ಲಿ ಕೊರಳಪಟ್ಟಿಯಂತೆ ಉಬ್ಬಿದ ಬಳೆ ಇರುವ, ಅಂದರೆ ಪೂರ್ತಿ ಬೆಳೆದ ಹುಳುಗಳನ್ನು ಮಾತ್ರ ಪೆಟ್ಟಿಗೆಗೆ ನಾಲ್ಕರಂತೆ ಇಟ್ಟುಕೊಂಡೆ.

ಹಂತ 3: ಸಿಲಿಕೋನ್ ಮಾಡಿದ ಅನಾಹುತ

ಎರಡನೆಯ ಪೆಟ್ಟಿಗೆಯಲ್ಲಿ ರಬ್ಬರ್ ಪಟ್ಟಿ ಜಾರದಿರಲೆಂದು ಒಳಗಿನಿಂದ ಸಿಲಿಕೋನ್ ಅಂಟು ಹಚ್ಚಿದೆ. ಒಂದು ರಾತ್ರಿ ಒಣಗಲು ಬಿಟ್ಟು, ಬೆಳಿಗ್ಗೆ ಮಣ್ಣು ತುಂಬಿ, ಸಂಜೆ ಹುಳು ಬಿಟ್ಟೆ. ರಾತ್ರಿ ಒಂಬತ್ತಕ್ಕೆ ನಾಲ್ಕೂ ಹುಳುಗಳು ಮೇಲಿನ ಸೊಳ್ಳೆಪರದೆಗೆ ಮೂತಿ ಒತ್ತಿ ನಿಂತಿದ್ದವು. ಬೆಳಗಾಗುವುದರೊಳಗೆ ಮೂರು ಸತ್ತಿದ್ದವು. ಗಾಜಿನ ಬಾಯಿಗೆ ಮೂಗಿಟ್ಟರೆ ವಿನೆಗರಿನ ಘಾಟು ಹೊಡೆಯುತ್ತಿತ್ತು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ಅದೂ ದಪ್ಪಗೆ ಹಚ್ಚಿದ ಕಡೆ ಹಲವು ದಿನಗಳವರೆಗೆ. ನೀಲಿ ಲಿಟ್ಮಸ್ ಕಾಗದವನ್ನು ಅಂಚಿನ ಒದ್ದೆ ಮಣ್ಣಿಗೆ ಒತ್ತಿದಾಗ ಅದು ತಕ್ಷಣ ಕೆಂಪಾಯಿತು. ಹುಳು ತನ್ನ ಚರ್ಮವೆಲ್ಲ ಲೋಳೆಯಿಂದ ಒದ್ದೆಯಾಗಿಟ್ಟುಕೊಂಡು ಆ ತೇವದ ಮೂಲಕವೇ ಆಮ್ಲಜನಕವನ್ನು ಪಡೆಯುವುದರಿಂದ, ಮಣ್ಣಿನ ನೀರಿನಲ್ಲಿ ಕರಗಿದ್ದೆಲ್ಲ ಅದಕ್ಕೆ ನೇರವಾಗಿ ತಾಗುತ್ತದೆ. ಇದು ಗೊತ್ತಿಲ್ಲದ ವಿಷಯವಾಗಿರಲಿಲ್ಲ, ಅವಸರ ನನ್ನದು.

ಮೂರನೆಯ ಪೆಟ್ಟಿಗೆಯಲ್ಲಿ ಅಂಟು ಎಂಬುದೇ ಇಲ್ಲ. ರಬ್ಬರ್ ಪಟ್ಟಿ ಮತ್ತು ಕ್ಲಾಂಪ್‌ಗಳ ಬಿಗಿತವೇ ಸಾಕಾಯಿತು. ತಳದ ಪಟ್ಟಿಯಲ್ಲಿ ಹೆಚ್ಚುವರಿ ನೀರು ಇಳಿಯಲು 2 ಮಿಲಿಮೀಟರಿನ ಐದು ತೂತುಗಳನ್ನು ಕೊರೆದು, ಅವುಗಳ ಮೇಲೆ ಬಟ್ಟೆಯ ಪಟ್ಟಿಯನ್ನು ಹಾಸಿದೆ. ತೂತು 3 ಮಿಲಿಮೀಟರ್ ಇದ್ದಾಗ ಒಂದು ಹುಳು ಅದರಲ್ಲೇ ನುಸುಳಿಕೊಂಡು ಮೇಜಿನ ಕೆಳಗೆ ಹೋಗಿ ಒಣಗಿತ್ತು. ತನ್ನ ದೇಹದ ದಪ್ಪಕ್ಕಿಂತ ಕಿರಿದಾದ ಕಂಡಿಯಲ್ಲಿಯೂ ಹುಳು ಹಾಯಬಲ್ಲದು ಎಂಬುದನ್ನು ಹೀಗೆ ತಿಳಿದುಕೊಂಡೆ.

ಹಂತ 4: ಮಣ್ಣು ತುಂಬುವುದು, ಮತ್ತು ನಾನೇ ಹಾಕಿದ ಬಂಡೆ

ಈ ಕೆಲಸದ ತಿರುಳು ಇದು. ಗಾಜು, ರಬ್ಬರ್, ಕ್ಲಾಂಪ್‌ಗಳೆಲ್ಲ ಒಂದು ದಿನದ ಮಾತು. ಮಣ್ಣನ್ನು ಎಲ್ಲ ಕಡೆ ಒಂದೇ ಬಿಗಿತದಲ್ಲಿ ತುಂಬುವುದನ್ನು ಕಲಿಯಲು ನನಗೆ ಮೂರು ವಾರ ಬೇಕಾಯಿತು.

ಎರಡನೆಯ ಪೆಟ್ಟಿಗೆಗೆ ಮಣ್ಣನ್ನು ಕಣ್ಣಂದಾಜಿನಲ್ಲಿ ಸುರಿದು, ಮರದ ಪಟ್ಟಿಯಿಂದ ಗುದ್ದಿ ತುಂಬಿದ್ದೆ. ಹೊಸ ಹುಳುಗಳನ್ನು ಬಿಟ್ಟ ಮೇಲೆ ಎರಡು ದಿನ ಬಿಲಗಳು ಚೆನ್ನಾಗಿ ಕೆಳಗಿಳಿದವು; 17 ಸೆಂಟಿಮೀಟರ್ ಆಳ ತಲುಪಿದೊಡನೆ ನಾಲ್ಕೂ ಹುಳುಗಳು ಅಡ್ಡಕ್ಕೆ ತಿರುಗಿದವು. ಈ ಜಾತಿಯ ಹುಳು 17 ಸೆಂಟಿಮೀಟರಿಗಿಂತ ಕೆಳಗೆ ಹೋಗುವುದಿಲ್ಲ ಎಂದು ಪುಸ್ತಕದಲ್ಲಿ ಬರೆದು, ಅಡಿಗೆರೆಯನ್ನೂ ಎಳೆದೆ. ಪೆಟ್ಟಿಗೆಯನ್ನು ಬಿಚ್ಚಿದಾಗ ಆ ಆಳದ ಪದರವು ಹಲಗೆಯಂತೆ ಒಂದೇ ತುಂಡಾಗಿ ಎದ್ದು ಬಂತು. ಅಳತೆಯಿಂದ ಕತ್ತರಿಸಿ, ಒಣಗಿಸಿ ತೂಗಿದಾಗ ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 1.55 ಗ್ರಾಂ, ಅದರ ಮೇಲಿನದು 1.2 ಗ್ರಾಂ. ಮೊದಲ ಅರ್ಧವನ್ನು ಒಂದು ಸಂಜೆ ತುಂಬಿ, ಮರುದಿನ ಉಳಿದರ್ಧವನ್ನು ಹಾಕುವ ಮುನ್ನ ಮೇಲ್ಮೈಯನ್ನು ಸಮ ಮಾಡಲೆಂದು ಮತ್ತೆಮತ್ತೆ ಗುದ್ದಿದ್ದ ಜಾಗ ಅದು. ಬಂಡೆ ಹಾಕಿದವನೂ ನಾನೇ, ಅದು ಹುಳುವಿನ ಸ್ವಭಾವ ಎಂದು ಬರೆದವನೂ ನಾನೇ. ಉತ್ತ ಹೊಲದಲ್ಲಿ ನೇಗಿಲಿನ ತಳ ಪದೇಪದೇ ಒತ್ತಿ ಗಟ್ಟಿಯಾದ ಪದರದ ಬಳಿ ಬೇರುಗಳು ಅಡ್ಡಕ್ಕೆ ತಿರುಗುವುದು ಇದೇ ಬಗೆಯದು.

ಮೂರನೆಯ ಪೆಟ್ಟಿಗೆಗೆ ಅನುಸರಿಸಿದ ಕ್ರಮ ಹೀಗಿದೆ. ಮಣ್ಣನ್ನು ನೆರಳಿನಲ್ಲಿ ಒಣಗಿಸಿ, 2 ಮಿಲಿಮೀಟರ್ ಜರಡಿಯಲ್ಲಿ ಸೋಸಿ, ತೂಕದ ಶೇಕಡ 22ರಷ್ಟು ನೀರನ್ನು ಸಿಂಪಡಿಸಿ ಕಲಸಿ, ಮುಚ್ಚಿದ ಡಬ್ಬದಲ್ಲಿ ಒಂದು ದಿನ ಇಟ್ಟೆ. ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಹೆಬ್ಬೆರಳಿನಿಂದ ತಳ್ಳಿದರೆ ಪುಡಿಯಾಗಬೇಕು, ಅಂಗೈಗೆ ನೀರು ಅಂಟಬಾರದು. ಹದ ಅಂದರೆ ಇಷ್ಟೇ. ರಬ್ಬರ್ ಪಟ್ಟಿಗಳನ್ನು ಕಳೆದರೆ ಒಳಗಿನ ಅಗಲ 58 ಸೆಂಟಿಮೀಟರ್, ದಪ್ಪ 0.8 ಸೆಂಟಿಮೀಟರ್, 5 ಸೆಂಟಿಮೀಟರ್ ಎತ್ತರದ ಒಂದು ಪದರಕ್ಕೆ 232 ಘನ ಸೆಂಟಿಮೀಟರ್ ಜಾಗ. ಸಾಂದ್ರತೆ 1.2 ಬೇಕಾದರೆ 278 ಗ್ರಾಂ ಒಣಮಣ್ಣು, ನೀರು ಸೇರಿ ಸುಮಾರು 340 ಗ್ರಾಂ. ಗಾಜಿನ ಮೇಲೆ ಐದೈದು ಸೆಂಟಿಮೀಟರಿಗೆ ಗೆರೆ ಎಳೆದು, ಒಂದೊಂದು ಪದರಕ್ಕೆ 340 ಗ್ರಾಂ ತೂಗಿ ಹಾಕಿ, ಗೆರೆಗೆ ಬರುವಷ್ಟು ಮಾತ್ರ ಒತ್ತಿದೆ. ಮುಂದಿನ ಪದರವನ್ನು ಹಾಕುವ ಮೊದಲು ಹಿಂದಿನದರ ಮೇಲ್ಮೈಯನ್ನು ಕಡ್ಡಿಯಿಂದ ಕೆರೆದೆ, ಇಲ್ಲದಿದ್ದರೆ ಎರಡರ ನಡುವೆ ಸಂದು ಉಳಿದು, ಹುಳು ಅದನ್ನೇ ಹೆದ್ದಾರಿ ಮಾಡಿಕೊಳ್ಳುತ್ತದೆ. ಏಳು ಪದರಗಳು, ಒಟ್ಟು 2.38 ಕಿಲೋಗ್ರಾಂ. ಮೂರನೆಯ ಮತ್ತು ನಾಲ್ಕನೆಯ ಪದರಗಳ ನಡುವೆ ಸೀಮೆಸುಣ್ಣದ ಪುಡಿಯನ್ನು ಕೂದಲೆಳೆಯಷ್ಟು ತೆಳುವಾಗಿ ಉದುರಿಸಿದೆ.

ಸೀಮೆಸುಣ್ಣದ ಗೆರೆ ನನ್ನ ಉಪಾಯವಲ್ಲ. ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಇಂಗ್ಲೆಂಡಿನ ಡೌನ್ ಗ್ರಾಮದಲ್ಲಿ ತನ್ನ ಮನೆಯ ಬಳಿಯ ಹುಲ್ಲುಗಾವಲಿನ ಮೇಲೆ ಸುಣ್ಣಶಿಲೆಯ ಚೂರುಗಳನ್ನು ಹರಡಿಸಿ, 29 ವರ್ಷ ಕಾದು, 1871ರಲ್ಲಿ ಕಾಲುವೆ ತೋಡಿಸಿ ನೋಡಿದಾಗ ಆ ಬಿಳಿ ಚೂರುಗಳ ಸಾಲು ನೆಲದಿಂದ ಏಳು ಅಂಗುಲ, ಅಂದರೆ ಸುಮಾರು 18 ಸೆಂಟಿಮೀಟರ್ ಕೆಳಗಿತ್ತು. ಹುಳುಗಳು ಕೆಳಗಿನ ಮಣ್ಣನ್ನು ತಿಂದು ಮೇಲೆ ಹಿಕ್ಕೆ ಹಾಕುತ್ತ ಹೋದಂತೆ ಚೂರುಗಳು ಮುಳುಗಿದ್ದವು. ನನಗೆ 29 ವರ್ಷಗಳ ತಾಳ್ಮೆ ಇಲ್ಲ. ಗೆರೆ ಎಲ್ಲೆಲ್ಲಿ ತುಂಡಾಗುತ್ತದೆ ಎಂಬುದು ತಿಳಿದರೆ ಸಾಕಿತ್ತು.

ಹಂತ 5: ಗಾಜಿನ ಹೊಟ್ಟೆ

ಎರಡನೆಯ ಪೆಟ್ಟಿಗೆಯಲ್ಲಿ ಇನ್ನೊಂದು ಸೋಜಿಗವಿತ್ತು. ಹುಳುಗಳು ನಡುಭಾಗದಲ್ಲಿ ಗಾಜಿಗೆ ಅಂಟಿಕೊಂಡೇ ನೇರವಾಗಿ, ಬಹಳ ವೇಗವಾಗಿ ಇಳಿಯುತ್ತಿದ್ದವು. ಚೆನ್ನಾಗಿ ಕಾಣುತ್ತಿದ್ದುದರಿಂದ ನನಗೆ ಖುಷಿಯೇ ಆಗಿತ್ತು. ವರ್ನಿಯರ್ ಮಾಪಕದಿಂದ ಹೊರಗಿನ ದಪ್ಪವನ್ನು ಅಳೆದಾಗ ಅಂಚಿನಲ್ಲಿ 16 ಮಿಲಿಮೀಟರ್, ನಡುವಿನ ಭಾಗಕ್ಕೆ ಹಲಗೆಯನ್ನು ಅಡ್ಡವಿಟ್ಟು ಲೆಕ್ಕ ಹಾಕಿದರೆ 17.6 ಮಿಲಿಮೀಟರ್. ಗುದ್ದಿ ತುಂಬಿದ್ದ ಒದ್ದೆ ಮಣ್ಣು 4 ಮಿಲಿಮೀಟರ್ ಗಾಜನ್ನು ಹೊರಕ್ಕೆ ಬಗ್ಗಿಸಿತ್ತು. ಮಣ್ಣು ಒಣಗುತ್ತ ಕುಗ್ಗಿದಾಗ ಗಾಜಿಗೂ ಮಣ್ಣಿಗೂ ನಡುವೆ ಸೀಳು ಬಿಟ್ಟಿತ್ತು. ಹುಳುವಿಗೆ ಮೈ ತಾಗುವ ಗೋಡೆ ಇಷ್ಟ, ಸಿದ್ಧವಾದ ಸೀಳಂತೂ ಇನ್ನೂ ಇಷ್ಟ. ನಾನು ಅಳೆದದ್ದು ಬಿಲ ಕೊರೆಯುವ ವೇಗವನ್ನಲ್ಲ, ಸೀಳಿನಲ್ಲಿ ಜಾರುವ ವೇಗವನ್ನು.

ಮೂರನೆಯ ಪೆಟ್ಟಿಗೆಗೆ 5 ಮಿಲಿಮೀಟರ್ ದಪ್ಪದ ಗಾಜು, ಮತ್ತು ಎರಡೂ ಕಡೆ ಅಡ್ಡಲಾಗಿ ಎರಡೆರಡು ಅಲ್ಯುಮಿನಿಯಂ ಕೋನಪಟ್ಟಿಗಳು. ಪಟ್ಟಿಗಳ ತುದಿಗಳನ್ನು ಗಾಜಿನ ಹೊರಗೆ ಬೋಲ್ಟ್ ಹಾಕಿ ಬಿಗಿದೆ. ಮಣ್ಣು ತುಂಬಿದ ಮೇಲೆ ನಡುವಿನ ಅಂತರ 8.2 ಮಿಲಿಮೀಟರ್ ಇತ್ತು. ತೇವ ಕಾಯಲು ಪೆಟ್ಟಿಗೆಯನ್ನು ಪ್ರತಿದಿನ ಇಡಿಯಾಗಿ ತೂಗಿ, ಇಳಿದಷ್ಟು ಗ್ರಾಂ ನೀರನ್ನು ಮೇಲಿನಿಂದ ಸಿಂಪಡಿಸಿದೆ. ದಿನಕ್ಕೆ ಹತ್ತರಿಂದ ಹದಿನೈದು ಗ್ರಾಂ ಇಳಿಯುತ್ತಿತ್ತು. ಎರಡೂ ಬದಿಗೆ ಕಪ್ಪು ರಟ್ಟು ಕಟ್ಟಿ, ನೋಡುವಾಗ ಮಾತ್ರ ತೆಗೆಯುತ್ತಿದ್ದೆ.

ಹಂತ 6: ಕೆಂಪು ದೀಪದ ರಾತ್ರಿ

ಎರೆಹುಳುವಿಗೆ ಕಣ್ಣಿಲ್ಲ, ಬೆಳಕನ್ನು ಗುರುತಿಸುವ ಕೋಶಗಳು ಚರ್ಮದಲ್ಲೇ ಇವೆ, ಮುಂತುದಿಯಲ್ಲಿ ಹೆಚ್ಚಾಗಿ. ಬಿಳಿ ಟಾರ್ಚ್ ಹಿಡಿದರೆ ಎರಡು ಕ್ಷಣದಲ್ಲಿ ಹಿಂದೆ ಸರಿಯುತ್ತದೆ, ಮಂದ ಕೆಂಪು ಬೆಳಕಿಗೆ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಹಾಗಾಗಿ ಟಾರ್ಚಿಗೆ ಕೆಂಪು ಹಾಳೆಯನ್ನು ಎರಡು ಮಡಿಕೆ ಸುತ್ತಿಕೊಂಡು, ಎಂಟನೆಯ ದಿನದ ರಾತ್ರಿ ಹನ್ನೊಂದಕ್ಕೆ ಪೆಟ್ಟಿಗೆಯ ಮುಂದೆ ಕುಳಿತೆ.

12 ಸೆಂಟಿಮೀಟರ್ ಆಳದಲ್ಲಿ ಒಂದು ಹುಳು ಹೊಸ ದಾರಿ ತೆರೆಯುತ್ತಿತ್ತು. ಮೊದಲು ಮುಂತುದಿಯ ಹತ್ತು ಹನ್ನೆರಡು ಉಂಗುರಗಳು ಸೂಜಿಯಂತೆ ಸಪೂರವಾಗಿ, ಉದ್ದವಾಗಿ, ಎರಡು ಹರಳುಗಳ ನಡುವಿನ ಸಂದಿಗೆ ತೂರಿದವು. ಬಲಕ್ಕೆ ತಡವಿ ಹಿಂದೆ ಬಂತು, ಎಡಕ್ಕೆ ತಡವಿ ನಿಂತಿತು. ಆಮೇಲೆ ತೂರಿದ್ದ ಭಾಗವೇ ಮೆಲ್ಲಗೆ ಮೋಟಾಗಿ, ದಪ್ಪಗಾಗಿ, ಸುತ್ತಲಿನ ಮಣ್ಣನ್ನು ಬದಿಗೆ ಒತ್ತಿತು. ಗಾಜಿನ ಮೇಲಿದ್ದ ತೇವದ ಪೊರೆ ಆ ಒತ್ತಡಕ್ಕೆ ಸರಿದು ಮಸುಕಾಯಿತು, ಮುಂದಿನ ಮಣ್ಣಿನಲ್ಲಿ ಕೂದಲೆಳೆಯಂತಹ ಬಿರುಕೊಂದು ಕಾಣಿಸಿತು. ಆ ದಪ್ಪನೆಯ ಉಬ್ಬು ತಲೆಯಿಂದ ಬಾಲದ ಕಡೆಗೆ ಅಲೆಯಾಗಿ ಹರಿಯಿತು, ದೇಹ ಮಾತ್ರ ಮುಂದಕ್ಕೆ ಬಂತು. ಅಲೆ ಹಿಂದಕ್ಕೆ ಹೋಗುವಾಗ ಹುಳು ಮುಂದಕ್ಕೆ ಹೋಗುವುದನ್ನು ಕಣ್ಣು ಒಪ್ಪಿಕೊಳ್ಳಲು ನನಗೆ ಕೆಲವು ನಿಮಿಷಗಳೇ ಹಿಡಿದವು.

ಒಳಗೆ ಎಲುಬಿಲ್ಲ, ದೇಹದ ಕುಹರದಲ್ಲಿ ತುಂಬಿದ ದ್ರವವೇ ಎಲುಬಿನ ಕೆಲಸ ಮಾಡುತ್ತದೆ. ಉಂಗುರದ ಸುತ್ತ ಇರುವ ಸ್ನಾಯು ಬಿಗಿದರೆ ಆ ಭಾಗ ಸಪೂರವಾಗಿ ಉದ್ದವಾಗುತ್ತದೆ, ಉದ್ದಕ್ಕೆ ಇರುವ ಸ್ನಾಯು ಬಿಗಿದರೆ ಮೋಟಾಗಿ ದಪ್ಪವಾಗುತ್ತದೆ. ದಪ್ಪವಾದ ಕಡೆಯಲ್ಲಿ ಬಿರುಗೂದಲುಗಳು ಹೊರಚಾಚಿ ಬಿಲದ ಗೋಡೆಯನ್ನು ಕಚ್ಚುತ್ತವೆ. ಹತ್ತು ಪಟ್ಟಿನ ಮಸೂರದಲ್ಲಿ ನನ್ನ ಹುಳುಗಳ ಒಂದೊಂದು ಉಂಗುರಕ್ಕೆ ನಾಲ್ಕು ಜೋಡಿ ಎಣಿಸಿದೆ. ಗಾಜಿನ ಮೇಲೆ ಅವು ಹಿಡಿತ ಸಿಗದೆ ಜಾರುವುದೂ ಕಾಣಿಸಿತು. ಆದ್ದರಿಂದ ಈ ಪೆಟ್ಟಿಗೆಯಲ್ಲಿ ಅಳೆದ ಯಾವ ವೇಗವನ್ನೂ ನೆಲದ ಲೆಕ್ಕಕ್ಕೆ ಹಿಡಿಯುವಂತಿಲ್ಲ.

ನಲವತ್ತು ನಿಮಿಷಗಳಲ್ಲಿ ಹುಳು ಮುಂದುವರಿದದ್ದು 3 ಸೆಂಟಿಮೀಟರ್. ಗಟ್ಟಿ ಹರಳೊಂದರ ಬಳಿ ಒತ್ತುವುದನ್ನು ಬಿಟ್ಟು ತಿನ್ನತೊಡಗಿತು. ಅರೆಪಾರದರ್ಶಕ ಚರ್ಮದ ಒಳಗೆ ಕಪ್ಪು ಮಣ್ಣಿನ ತುಣುಕುಗಳು ಒಂದರ ಹಿಂದೊಂದು ಬಾಲದ ಕಡೆಗೆ ಸರಿಯುತ್ತಿದ್ದವು. ಒತ್ತುವುದು, ತಿನ್ನುವುದು ಎಂಬ ಎರಡೇ ಉಪಾಯಗಳು ಅದಕ್ಕೆ, ಎರಡನ್ನೂ ಹದವರಿತು ಬಳಸುತ್ತದೆ. ಅಷ್ಟರಲ್ಲಿ ನನ್ನ ಮೊಣಕೈ ತಾಗಿ ಒಂದು ಕ್ಲಾಂಪ್ ಟಣ್ಣೆಂದಿತು. ಹುಳು ಇಡೀ ದೇಹವನ್ನು ಒಮ್ಮೆಗೇ ಕುಗ್ಗಿಸಿ ಹಿಂದಕ್ಕೆ ಚಿಮ್ಮಿ, ಹಳೆಯ ಬಿಲಕ್ಕೆ ಸೇರಿ, ಸುಮಾರು ಒಂದು ನಿಮಿಷದಲ್ಲಿ 22 ಸೆಂಟಿಮೀಟರ್ ದೂರ ಹೋಯಿತು. ಹೊಸ ದಾರಿಯಲ್ಲಿ 40 ನಿಮಿಷಕ್ಕೆ 3 ಸೆಂಟಿಮೀಟರ್, ಹಳೆಯ ದಾರಿಯಲ್ಲಿ ಒಂದು ನಿಮಿಷಕ್ಕೆ 22. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡ ಮೇಲೆ, ಬಿಲಗಳನ್ನು ದಿನದಿನಕ್ಕೆ ಬೇರೆ ಬೇರೆಯಾಗಿ ಗುರುತಿಸಲೇಬೇಕು ಎನಿಸಿತು.

ಹಂತ 7: ಬಿಲಗಳ ನಕ್ಷೆ

ಗಾಜಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿ, ದಿನಕ್ಕೊಂದು ಬಣ್ಣದ ಪೆನ್ನಿನಿಂದ ಹೊಸ ಬಿಲಗಳನ್ನು ತಿದ್ದಿದೆ. ಉದ್ದವನ್ನು ಅಳೆಯಲು ಒದ್ದೆ ದಾರವನ್ನು ಗೆರೆಯ ಮೇಲೆ ಕೂರಿಸಿ, ಆಮೇಲೆ ಅಳತೆಪಟ್ಟಿಗೆ ಹಿಡಿದೆ. ತಲೆಯನ್ನು ಒಂದೇ ಜಾಗದಲ್ಲಿ ಇಡದಿದ್ದರೆ ಗಾಜಿನ ದಪ್ಪದಿಂದಾಗಿ ಗೆರೆ ಪಕ್ಕಕ್ಕೆ ಸರಿಯುತ್ತದೆ. ಮೊದಲ ನಾಲ್ಕು ದಿನದ ನಕ್ಷೆಗಳು ಹೀಗೆ ಕೆಟ್ಟವು, ಅವನ್ನು ತಿದ್ದಿ ಮತ್ತೆ ಬರೆದೆ.

ನಾಲ್ಕು ಹುಳುಗಳ ಒಟ್ಟು ಬಿಲದ ಉದ್ದ 3ನೆಯ ದಿನಕ್ಕೆ 94 ಸೆಂಟಿಮೀಟರ್, 7ನೆಯ ದಿನಕ್ಕೆ 168, 14ನೆಯ ದಿನಕ್ಕೆ 211, 28ನೆಯ ದಿನಕ್ಕೆ 239, 47ನೆಯ ದಿನಕ್ಕೆ 251. ಮೊದಲ ವಾರದ ನಂತರ ಹುಳುಗಳು ಸುಮ್ಮನಾದವು ಎಂದು ಇದನ್ನು ಓದಿದರೆ ತಪ್ಪಾಗುತ್ತದೆ. ಅವು ರಾತ್ರಿಯೆಲ್ಲ ಓಡಾಡುತ್ತಲೇ ಇದ್ದವು, ಹಳೆಯ ದಾರಿಗಳಲ್ಲಿ. ಜೊತೆಗೆ ಕೆಲವು ಹಳೆಯ ಬಿಲಗಳನ್ನು ತಮ್ಮ ಹಿಕ್ಕೆಯಿಂದಲೇ ತುಂಬಿ ಮುಚ್ಚುತ್ತಿದ್ದವು. ತುಂಬಿದ ಬಿಲವನ್ನು ನಾನು ನಕ್ಷೆಯಿಂದ ಕಳೆಯುವುದನ್ನು ಮರೆತಿದ್ದೆ. 20ನೆಯ ದಿನದಿಂದಷ್ಟೇ ಅಂತಹವನ್ನು ಚುಕ್ಕೆ ಹಾಕಿ ಗುರುತಿಸಿದೆ. ಹಾಗಾಗಿ ಮೇಲಿನ ಅಂಕಿಗಳು ಅಷ್ಟೂ ದಿನಗಳಲ್ಲಿ ಕೊರೆದ ಬಿಲಗಳವು, ಆ ದಿನ ತೆರೆದಿದ್ದ ಬಿಲಗಳವಲ್ಲ. ಸೀಮೆಸುಣ್ಣದ ಗೆರೆ 47ನೆಯ ದಿನಕ್ಕೆ ಹನ್ನೊಂದು ಕಡೆ ತುಂಡಾಗಿತ್ತು. ಮೇಲಿನ ಹಿಕ್ಕೆಗಳಲ್ಲಿ ಬಿಳಿಯ ಚುಕ್ಕೆಗಳಿದ್ದವು, ಅಂದರೆ 20 ಸೆಂಟಿಮೀಟರ್ ಕೆಳಗಿನ ಸುಣ್ಣ ಹುಳುವಿನ ಹೊಟ್ಟೆಯಲ್ಲಿ ಪ್ರಯಾಣ ಮಾಡಿ ಮೇಲೆ ಬಂದಿತ್ತು.

ಹಂತ 8: ಎರಡು ಮೀಟರಿನ ತೊಟ್ಟಿ

ಒಂದು ಹುಳು ಹೇಗೆ ಸಾಗುತ್ತದೆ ಎಂಬುದಕ್ಕೆ ಪೆಟ್ಟಿಗೆ ಸಾಕು. ಹುಳುಗಳ ಗುಂಪು ಒಂದು ಜಾಗದಿಂದ ಇನ್ನೊಂದಕ್ಕೆ ಹೇಗೆ ಹರಡುತ್ತದೆ ಎಂಬುದಕ್ಕೆ ಉದ್ದ ಬೇಕು. ದಪ್ಪ ಪ್ಲಾಸ್ಟಿಕ್ ಹಾಳೆಯಿಂದ 2 ಮೀಟರ್ ಉದ್ದ, 12 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಆಳದ ತೊಟ್ಟಿಯನ್ನು ಮಾಡಿ, ಒಳಗೋಡೆಯಲ್ಲಿ 20 ಸೆಂಟಿಮೀಟರಿಗೊಂದರಂತೆ ಕಿರಿದಾದ ತೋಡುಗಳನ್ನು ಕೊರೆದೆ. ದಿನ ಮುಗಿದ ಮೇಲೆ ತೋಡುಗಳಿಗೆ ತಗಡು ಇಳಿಸಿದರೆ ತೊಟ್ಟಿ ಹತ್ತು ಕೋಣೆಗಳಾಗುತ್ತದೆ, ಒಂದೊಂದನ್ನು ಹೊರಗೆ ಸುರಿದು ಹುಳು ಎಣಿಸಬಹುದು.

ಮೊದಲ ಓಟ: ಒಂದು ತುದಿಯ ಕೋಣೆಯಲ್ಲಿ 20 ಹುಳುಗಳನ್ನು ಬಿಟ್ಟೆ. ಹದಿನಾಲ್ಕು ದಿನಗಳ ನಂತರ 15 ಹುಳುಗಳು ಇನ್ನೊಂದು ತುದಿಯ ಮೂರು ಕೋಣೆಗಳಲ್ಲಿ ಸಿಕ್ಕವು. ಎರಡು ವಾರಗಳಲ್ಲಿ ಸುಮಾರು ಎರಡು ಮೀಟರ್! ಆ ಸಂಭ್ರಮ ರಸಮಟ್ಟವನ್ನು ತೊಟ್ಟಿಯ ಮೇಲೆ ಇಡುವವರೆಗೆ ಮಾತ್ರ ಉಳಿಯಿತು. ಮೇಜು ಆ ತುದಿಗೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಇಳಿಜಾರಾಗಿತ್ತು, ನೀರು ಅಲ್ಲಿಗೆ ಇಳಿದಿತ್ತು, ಹುಳು ಬಿಟ್ಟಿದ್ದ ತುದಿಯ ಮಣ್ಣು ಬೆರಳಿಗೆ ಅಂಟದಷ್ಟು ಒಣಗಿತ್ತು. ಅಲ್ಲಿಯೇ ಉಳಿದಿದ್ದ ಎರಡು ಹುಳುಗಳು ಲೋಳೆ ಸವರಿದ ಪುಟ್ಟ ಗೂಡಿನಲ್ಲಿ ಗಂಟು ಹಾಕಿದಂತೆ ಸುತ್ತಿಕೊಂಡು ಮಲಗಿದ್ದವು; ಒಣ ಕಾಲವನ್ನು ಅವು ಹೀಗೆಯೇ ಕಳೆಯುತ್ತವೆ. ಉಳಿದವು ಹರಡಿರಲಿಲ್ಲ, ನೀರನ್ನು ಹಿಂಬಾಲಿಸಿದ್ದವು.

ಎರಡನೆಯ ಓಟ: ರಸಮಟ್ಟ ನೋಡಿ, ಮೇಜಿನ ಕಾಲಿಗೆ ಚಕ್ಕೆ ಕೊಟ್ಟು ಸಮ ಮಾಡಿ, ಎಲ್ಲ ಕೋಣೆಗಳಿಗೂ ಒಂದೇ ತೂಕದ ಮಣ್ಣು, ಒಂದೇ ತೂಕದ ಎಲೆಪುಡಿ. 14 ದಿನಗಳಲ್ಲಿ 20ರಲ್ಲಿ 13 ಹುಳುಗಳು ಮೊದಲ 40 ಸೆಂಟಿಮೀಟರಿನಲ್ಲೇ ಇದ್ದವು, ಒಂದು ಮಾತ್ರ 140 ಸೆಂಟಿಮೀಟರ್ ದಾಟಿತ್ತು. ನಿಮಿಷಕ್ಕೆ 22 ಸೆಂಟಿಮೀಟರ್ ಹೋಗಬಲ್ಲ ಪ್ರಾಣಿ ಎರಡು ವಾರದಲ್ಲಿ ಒಂದು ಮೊಳ ಹೋಗಿತ್ತು. ಸಾಗುವ ಶಕ್ತಿಗೂ ಹರಡುವ ವೇಗಕ್ಕೂ ಇಷ್ಟು ಅಂತರವಿದೆಯೆಂದು ನಾನು ಎಣಿಸಿರಲಿಲ್ಲ. ತೇವ, ಆಹಾರ ಎರಡೂ ಇರುವ ಕಡೆಯಿಂದ ಅದು ಸುಮ್ಮನೆ ಹೊರಡುವುದಿಲ್ಲ. ಉತ್ತರ ಅಮೆರಿಕದ ಉತ್ತರ ಭಾಗದ ಕಾಡುಗಳಲ್ಲಿ, ಹಿಮಯುಗದ ನಂತರ ಎರೆಹುಳುಗಳೇ ಇಲ್ಲದಿದ್ದ ನೆಲದಲ್ಲಿ, ಯುರೋಪಿನಿಂದ ಬಂದ ಹುಳುಗಳ ಮುಂಚೂಣಿ ವರ್ಷಕ್ಕೆ ಸುಮಾರು 5ರಿಂದ 10 ಮೀಟರ್ ಮಾತ್ರ ಮುಂದುವರಿಯುತ್ತದೆ ಎಂಬ ಅಳತೆಗಳನ್ನು ಓದಿದಾಗ ಮೊದಲು ನಂಬಿಕೆ ಬಂದಿರಲಿಲ್ಲ. ಈ ತೊಟ್ಟಿಯನ್ನು ನೋಡಿದ ಮೇಲೆ ಬಂತು.

ಮೂರನೆಯ ಓಟದಲ್ಲಿ ಗುಂಪು ದಟ್ಟವಾದರೆ ಏನಾಗುತ್ತದೆ ಎಂದು ನೋಡಲು 60 ಹುಳುಗಳನ್ನು ಒಂದೇ ಕೋಣೆಗೆ ಹಾಕಿದೆ. ಎರಡನೆಯ ರಾತ್ರಿಯೇ ಹತ್ತಾರು ಹುಳುಗಳು ಮಣ್ಣಿನ ಮೇಲೆ ಬಂದು ತೊಟ್ಟಿಯ ಗೋಡೆಯನ್ನೇರಿ ಹೊರಗೆ ಬಿದ್ದಿದ್ದವು. ಅವು ಮಣ್ಣಿನೊಳಗಿನ ದಾರಿಯನ್ನು ಬಿಟ್ಟು ಮೇಲ್ಮೈಯ ದಾರಿ ಹಿಡಿಯಬಹುದು ಎಂಬುದು ನನ್ನ ಲೆಕ್ಕದಲ್ಲೇ ಇರಲಿಲ್ಲ, ತೊಟ್ಟಿಗೆ ಮುಚ್ಚಳವೂ ಇರಲಿಲ್ಲ. ಈ ಓಟದ ಎಣಿಕೆಯನ್ನು ಪೂರ್ತಿಯಾಗಿ ಹೊಡೆದುಹಾಕಿದೆ.

ಹಂತ 9: ಖಾಲಿ ತೊಟ್ಟಿಯಲ್ಲಿ ಹುಟ್ಟಿದ ಹುಳುಗಳು

ಹೋಲಿಕೆಗೆಂದು ಪಕ್ಕದಲ್ಲೇ ಹುಳು ಹಾಕದ ಎರಡನೆಯ ತೊಟ್ಟಿಯನ್ನು ಇಟ್ಟಿದ್ದೆ. ಏಳು ವಾರಗಳ ನಂತರ ಅದನ್ನು ಸುರಿದಾಗ ದಾರದಷ್ಟು ಸಪೂರದ, 2 ಸೆಂಟಿಮೀಟರ್ ಉದ್ದದ ಒಂಬತ್ತು ಮರಿಗಳು ಸಿಕ್ಕವು, ಅದೂ ಬೇರೆ ಬೇರೆ ಐದು ಕೋಣೆಗಳಲ್ಲಿ. ಮೊದಲು ಮುಚ್ಚಳವಿಲ್ಲದ್ದನ್ನು, ಆಮೇಲೆ ತೋಡುಗಳನ್ನು, ಕೊನೆಗೆ ನನ್ನ ಕೈಗಳನ್ನೇ ಅನುಮಾನಿಸಿದೆ. ಕಾರಣ ಜರಡಿಯಲ್ಲಿತ್ತು. ತೊಟ್ಟಿಗೆ ಬೇಕಾದ ಮಣ್ಣು ಹೆಚ್ಚು ಎಂದು 2 ಮಿಲಿಮೀಟರ್ ಜರಡಿಯ ಬದಲು 5 ಮಿಲಿಮೀಟರಿನದನ್ನು ಬಳಸಿದ್ದೆ, ಒಣಗಿಸುವುದಕ್ಕೂ ಒಂದೇ ದಿನ ಕೊಟ್ಟಿದ್ದೆ. ಉಳಿದ ಮಣ್ಣನ್ನು ಬಿಳಿ ತಟ್ಟೆಯಲ್ಲಿ ನೀರು ಹಾಕಿ ಅಲ್ಲಾಡಿಸಿದಾಗ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ, ನಿಂಬೆಹಣ್ಣಿನ ಆಕಾರದ, ಹಳದಿ ಮಿಶ್ರಿತ ಕಂದು ಬಣ್ಣದ ನಾಲ್ಕು ತತ್ತಿಕೋಶಗಳು ಕಂಡವು. ಒಂದರ ತುದಿ ಆಗಲೇ ಒಡೆದಿತ್ತು.

ಇಷ್ಟೂ ದಿನ ನಾನು ಹುಳುವನ್ನು ಹಿಂಬಾಲಿಸುತ್ತಿದ್ದೆ. ಹುಳು ಅಷ್ಟು ನಿಧಾನವಾಗಿ ಹರಡುವುದಾದರೆ, ಮೂಲತಃ ದಕ್ಷಿಣ ಅಮೆರಿಕದ ಗಯಾನಾ ಭಾಗದ್ದೆನ್ನಲಾದ ಪಾಂಟೊಸ್ಕೋಲೆಕ್ಸ್ ಕೊರೆತ್ರೂರಸ್ ಎಂಬ ಎರೆಹುಳು ಇಂದು ಉಷ್ಣವಲಯದ ಉದ್ದಗಲಕ್ಕೂ ಹೇಗೆ ಇದೆ ಎಂಬ ಪ್ರಶ್ನೆಗೆ ಉತ್ತರ ನನ್ನ ಜರಡಿಯಲ್ಲೇ ಇತ್ತು. ಸಸಿಯ ಬೇರಿಗೆ ಅಂಟಿದ ಮಣ್ಣು, ಕುಂಡ, ಬೂಟಿನ ಅಡಿ, ಗಾಡಿಯ ಚಕ್ರ ಇವುಗಳ ಜೊತೆ ತತ್ತಿಕೋಶ ಸಾಗಿದರೆ ಒಂದೇ ದಿನದಲ್ಲಿ ಹತ್ತು ವರ್ಷಗಳ ದಾರಿ ಮುಗಿಯುತ್ತದೆ. ನನ್ನ ಕೈಯಲ್ಲಿದ್ದ ಒಂದು ಮೊರ ಮಣ್ಣು ಒಂಬತ್ತು ಹುಳುಗಳನ್ನು ಎರಡು ಮೀಟರ್ ಉದ್ದಕ್ಕೆ ಹಂಚಿತ್ತು. ಎರಡನೆಯ ಓಟದ ಇಪ್ಪತ್ತು ಹುಳುಗಳಿಗೆ ಅದು ಸಾಧ್ಯವಾಗಿರಲಿಲ್ಲ.

ಎರಡನೆಯ ಓಟದಲ್ಲಿಯೂ ಇದೇ ಜರಡಿಯ ಮಣ್ಣಿತ್ತು. ಅಲ್ಲಿ ಪೂರ್ತಿ ಬೆಳೆದ ಹುಳುಗಳನ್ನು ಮಾತ್ರ ಎಣಿಸಿದ್ದರಿಂದ ಆ ಅಂಕಿಗಳನ್ನು ಉಳಿಸಿಕೊಂಡಿದ್ದೇನೆ, ಆದರೆ ಪುಸ್ತಕದಲ್ಲಿ ಅವುಗಳ ಪಕ್ಕ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ.

ಈಗಿನ ಸ್ಥಿತಿ

ನಾಲ್ಕನೆಯ ಓಟ ಆರಂಭವಾಗಿ ಒಂಬತ್ತು ದಿನಗಳಾಗಿವೆ: 2 ಮಿಲಿಮೀಟರ್ ಜರಡಿ, ಮುಚ್ಚಳಕ್ಕೆ ಬಿಗಿದ ಪರದೆ, ಒಂದು ತುದಿಯಲ್ಲಿ 40 ಹುಳುಗಳು. ತೋಡಿಗೆ ಇಳಿಸುವ ತಗಡುಗಳು ಸತು ಲೇಪಿಸಿದವು ಎಂಬುದು ತಡವಾಗಿ ಹೊಳೆಯಿತು. ಸತು ಹೆಚ್ಚಾದರೆ ಎರೆಹುಳುಗಳಿಗೆ ವಿಷ; ಎಣಿಕೆಯ ಹೊತ್ತಿಗೆ ಮಾತ್ರ ಇಳಿಸುವುದಾದರೂ ಒದ್ದೆ ಮಣ್ಣಿಗೆ ಅದನ್ನು ತಾಗಿಸುವ ಮನಸ್ಸಿಲ್ಲ. ಹಳೆಯ ಅಕ್ರಿಲಿಕ್ ಹಾಳೆಯೊಂದರಿಂದ ಒಂಬತ್ತು ಫಲಕಗಳನ್ನು ಕತ್ತರಿಸಿದ್ದೇನೆ. ಅವು 3 ಮಿಲಿಮೀಟರ್ ದಪ್ಪ ಇವೆ, ತೋಡುಗಳು 2 ಮಿಲಿಮೀಟರ್ ಅಗಲ. ಮಣ್ಣು ತುಂಬಿರುವ ತೊಟ್ಟಿಯಲ್ಲಿ ತೋಡನ್ನು ಅಗಲ ಮಾಡಲಾಗದು, ಆದ್ದರಿಂದ ಇನ್ನುಳಿದ ಐದು ದಿನಗಳಲ್ಲಿ ಫಲಕಗಳ ಎರಡೂ ಅಂಚುಗಳನ್ನು ಅರದಿಂದ ಉಜ್ಜಿ ತೆಳುವಾಗಿಸಬೇಕು. ಇಲ್ಲಿಯವರೆಗೆ ಮೂರು ಮುಗಿದಿವೆ.